ದೇವರಮನೆಗೂ ಶೋಕೇಸಿಗೂ ನಡುವೆ

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಹೊಸದಾಗಿ ಒಕ್ಕಲಾದ ಮನೆಗಳ ಹಜಾರದಲ್ಲಿ ಈಗ ಕಾಣಸಿಗುವ ಶಿಲ್ಪಗಳನ್ನು ಪಟ್ಟಿಮಾಡುವುದು ಕಷ್ಟವಲ್ಲ. ಸೋಫಾದ ಪಕ್ಕದ ಮೂಲೆಯಲ್ಲಿ ಕಣ್ಣು ಮುಚ್ಚಿದ ಬುದ್ಧನ ತಲೆ. ಮೆಟ್ಟಿಲು ತಿರುಗುವ ಕಡೆ ಕನ್ನಡಿ ಹಿಡಿದ ಫೈಬರ್ ಮದನಿಕೆ. ಟೀವಿಯ ಕೆಳಗಿನ ಹಲಗೆಯ ಮೇಲೆ ಕೊಳಲೂದುವ, ತಬಲಾ ಬಾರಿಸುವ, ಪುಸ್ತಕ ಓದುವ ಗಣಪತಿಗಳು. 2022ರಲ್ಲಿ ‘ಕಾಂತಾರ’ ತೆರೆಕಂಡ ಮೇಲೆ ಬಾಗಿಲ ಎದುರಿನ ಗೋಡೆಗೆ ಪಂಜುರ್ಲಿ ಭೂತದ ಮೊಗ. ಇವನ್ನು ಕಂಡು ಜನರ ಅಭಿರುಚಿ ಕೆಟ್ಟಿತೆಂದು ಮೂಗು ಮುರಿಯಬಹುದು, ಅದರಿಂದ ಏನೂ ತಿಳಿಯುವುದಿಲ್ಲ. ಸಾಲ ಮಾಡಿ ಮನೆ ಕಟ್ಟಿಸಿದವರು ಗೋಡೆ ಬರಿದಾಗಿರಬಾರದೆಂದು ಬಯಸುವುದು ಸಹಜ. ಅಂಗಡಿಯಲ್ಲಿ ಇದ್ದುದನ್ನೇ ಅವರು ತರುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ: ಇಷ್ಟು ದೊಡ್ಡ ಶಿಲ್ಪ ಪರಂಪರೆಯ ನಾಡಿನಲ್ಲಿ ಮನೆಗೆ ಶಿಲ್ಪ ಎಂದಾಕ್ಷಣ ಕೈಗೆ ಸಿಗುವುದು ಇಷ್ಟೇ ಏಕೆ?

ನನಗೆ ತೋರುವ ಕಾರಣ ಇದು. ಕನ್ನಡದ ಮನೆಯಲ್ಲಿ ಇಂದು ಮೂರ್ತಿಗೆ ಎರಡೇ ಜಾಗ. ಒಂದು ದೇವರಮನೆ, ಇನ್ನೊಂದು ಶೋಕೇಸು. ದೇವರಮನೆಯಲ್ಲಿ ಮೂರ್ತಿ ದೇವರಾಗುತ್ತದೆ. ಅಲ್ಲಿ ನಿಂತು ಕಲ್ಲು ಯಾವುದು, ಕಡೆದವರು ಯಾರು, ಮೊಣಕಾಲಿನ ಬಾಗು ಸರಿಯಾಗಿದೆಯೇ ಎಂದು ಕೇಳುವುದು ಅಧಿಕಪ್ರಸಂಗ. ಶೋಕೇಸಿನಲ್ಲಿ ಅದು ಸಾಮಾನಾಗುತ್ತದೆ. ಪರದೆಯ ಬಣ್ಣಕ್ಕೆ ಹೊಂದಿದರೆ ಸಾಕು, ಆ ಪ್ರಶ್ನೆಗಳು ಅಲ್ಲೂ ಏಳುವುದಿಲ್ಲ. ಶಿಲ್ಪವನ್ನು ಶಿಲ್ಪವೆಂದೇ ನೋಡುವ ಮೂರನೆಯ ಜಾಗವೊಂದು ಮನೆಯಲ್ಲಿ ಇಲ್ಲದ್ದರಿಂದ ದೇವರಮನೆಗೆ ಸಲ್ಲಬೇಕಾದದ್ದು ಶೋಕೇಸಿಗೆ ಬರುತ್ತಿದೆ, ಶಿಲ್ಪಿಯ ಕೈಗೆ ಹೋಗಬೇಕಾದ ದುಡ್ಡು ಅಚ್ಚು ಹೊಯ್ಯುವ ಕಾರ್ಖಾನೆಗೆ ಹೋಗುತ್ತಿದೆ. ಆ ಮೂರನೆಯ ಜಾಗ ನಮಗೆ ಹೊರಗಿನದೇನಲ್ಲ. ನಮ್ಮ ದೇವಾಲಯಗಳೇ ಅದನ್ನು ಬಿಟ್ಟುಕೊಟ್ಟಿದ್ದವು, ಹಳೆಯ ಮನೆಗಳೂ ತಮ್ಮ ರೀತಿಯಲ್ಲಿ ಅದನ್ನು ಉಳಿಸಿಕೊಂಡಿದ್ದವು. ಈಗಿನ ಮನೆಯಲ್ಲಿ ಅದನ್ನು ಬೇಕೆಂದೇ ಮಾಡಿಕೊಳ್ಳಬೇಕಾಗಿದೆ.

ಹಳೆಯ ಮನೆಗೆ ಶಿಲ್ಪವನ್ನು ತಂದಿಡುವ ಪ್ರಮೇಯ ಬರುತ್ತಿದ್ದುದು ಕಡಿಮೆ, ಏಕೆಂದರೆ ಅದು ಮನೆಯ ಮೈಯಲ್ಲೇ ಇರುತ್ತಿತ್ತು. ಮಲೆನಾಡಿನ ತೊಟ್ಟಿಮನೆಯ ಕಂಬ, ಕಂಬದ ಮೇಲಿನ ಬೋದಿಗೆ, ತೊಲೆಯ ತುದಿ. ಉತ್ತರ ಕರ್ನಾಟಕದ ವಾಡೆಗಳ ಹೆಬ್ಬಾಗಿಲಿನ ಚೌಕಟ್ಟು, ಅದರ ನೆತ್ತಿಯ ಗಜಲಕ್ಷ್ಮಿ. ಹೀಗೆ ಭಾರ ಹೊರುವ ಮರಕ್ಕೇ ಬಡಗಿ ಬಳ್ಳಿಯನ್ನೂ ಗಿಳಿಯನ್ನೂ ಸಿಂಹದ ಮುಖವನ್ನೂ ಕೆತ್ತುತ್ತಿದ್ದ. ಕೈಗೆ ಬರುವ ಸಾಮಾನಿನಲ್ಲೂ ಅಷ್ಟೆ. ಗಿಳಿಯಾಕಾರದ, ಕುದುರೆಯಾಕಾರದ ಅಡಕತ್ತರಿ, ಸರಪಳಿಯ ನಡುವೆ ಹಕ್ಕಿ ಕೂತ ತೂಗುದೀಪ, ಇವುಗಳನ್ನು ದಿನಾ ಮುಟ್ಟಿ ಸವೆಸುತ್ತಿದ್ದ ಜನರಿಗೆ ಆಕಾರದ ಅರಿವು ಅಂಗೈಯಿಂದಲೇ ಬರುತ್ತಿತ್ತು. ಇನ್ನು ಪೂಜೆಯ ಮೂರ್ತಿಯ ಅಳತೆಗೆ ಶಾಸ್ತ್ರವೇ ಮಿತಿ ಹಾಕಿತ್ತು. ಮನೆಯಲ್ಲಿಡುವ ಪ್ರತಿಮೆ ಹೆಬ್ಬೆರಳ ಗೆಣ್ಣಿನಿಂದ ಒಂದು ಗೇಣಿನವರೆಗೆ ಇರಬಹುದು, ಅದಕ್ಕಿಂತ ದೊಡ್ಡದು ಸಲ್ಲದು ಎಂದು ಮತ್ಸ್ಯಪುರಾಣ ಹೇಳುತ್ತದೆ, ದೊಡ್ಡದು ದೇವಾಲಯಕ್ಕೆ. ಶರಣರ ಇಷ್ಟಲಿಂಗವಂತೂ ಅಂಗೈಯಲ್ಲೇ ಅಡಗುವಂಥದು. ಹಳೆ ಮೈಸೂರಿನ ದಸರಾ ಬೊಂಬೆಗಳು ನವರಾತ್ರಿಗೆ ಪೆಟ್ಟಿಗೆಯಿಂದ ಹೊರಬಂದು, ಪಟ್ಟದ ಗೊಂಬೆಗಳ ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಕೂತು, ವಿಜಯದಶಮಿ ಕಳೆದ ಮೇಲೆ ಬಟ್ಟೆ ಸುತ್ತಿಸಿಕೊಂಡು ಒಳಗೆ ಹೋಗುತ್ತವೆ. ವರ್ಷವಿಡೀ ಕಣ್ಣಿಗೆ ಬಿದ್ದು ಸವಕಲಾಗುವ ಅಪಾಯದಿಂದ ಅವನ್ನು ಕಾಪಾಡಿರುವುದು ಆ ಪೆಟ್ಟಿಗೆಯೇ.

ಆರ್‌ಸಿಸಿ ಮನೆ ಬಂದಾಗ ಇದೆಲ್ಲ ಒಟ್ಟಿಗೆ ಕಳಚಿಬಿತ್ತು. ಕಾಂಕ್ರೀಟಿನ ಕಂಬಕ್ಕೆ ಕೆತ್ತನೆ ಹಿಡಿಯುವುದಿಲ್ಲ, ಬಾಗಿಲು ಪ್ಲೈವುಡ್ಡಾಯಿತು, ಅಡಕತ್ತರಿ ಪೆಟ್ಟಿಗೆ ಸೇರಿತು. ಬಡಗಿ ಮತ್ತು ಕಲ್ಲುಕುಟಿಗ ಮನೆ ಕಟ್ಟುವ ಕೆಲಸದಿಂದಲೇ ಹೊರಬಿದ್ದರು. ಕೆಡವಿದ ತೊಟ್ಟಿಮನೆಗಳ ಕಂಬ ಬಾಗಿಲುಗಳು ಲಾರಿ ಹತ್ತಿ ನಗರದ ಹೋಟೆಲು, ರೆಸಾರ್ಟುಗಳಿಗೆ ಬಂದು ಭಾರ ಹೊರದೆ ನಿಂತಿವೆ. ಮನೆಯ ಒಡಲಲ್ಲಿ ಶಿಲ್ಪಕ್ಕೆ ಇದ್ದ ಜಾಗ ಹೋಯಿತು, ಅದನ್ನು ಬಯಸುವ ಮನಸ್ಸು ಮಾತ್ರ ಉಳಿಯಿತು. ಆ ತೆರವಿಗೆ ನುಗ್ಗಿದ್ದು ಫೈಬರ್, ರೆಸಿನ್, ಪ್ಲಾಸ್ಟರ್ ಆಫ್ ಪ್ಯಾರಿಸ್.

ಬುದ್ಧನ ತಲೆಯ ವಿಷಯವನ್ನು ತುಸು ಹೆಚ್ಚು ಹೊತ್ತು ನೋಡಬೇಕು, ಏಕೆಂದರೆ ನೋಡದೆ ಕೊಳ್ಳುವುದೆಂದರೇನು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಬೌದ್ಧ ನಾಡುಗಳ ಶಿಲ್ಪಿಗಳು ಬುದ್ಧನನ್ನು ಕಡೆದದ್ದು ಇಡೀ ಮೂರ್ತಿಯಾಗಿ. ನೆಲ ಮುಟ್ಟುವ ಬಲಗೈ ಬೋಧಿಯ ರಾತ್ರಿಯನ್ನು ಹೇಳುತ್ತದೆ, ಎದೆಯ ಮುಂದೆ ಕೂಡಿದ ಬೆರಳುಗಳು ಸಾರನಾಥದ ಮೊದಲ ಉಪದೇಶವನ್ನು, ಕಥೆಯೆಲ್ಲ ಕೈಯಲ್ಲಿದೆ. ಬಿಡಿ ತಲೆ ಮಾರುಕಟ್ಟೆಗೆ ಬಂದದ್ದು ಮೂರ್ತಿ ಮುರಿದವರಿಂದ. ಜಾವಾದ ಬೊರೊಬುದುರಿನಲ್ಲಿ ಇದ್ದ 504 ಬುದ್ಧ ಮೂರ್ತಿಗಳಲ್ಲಿ 300ಕ್ಕೂ ಹೆಚ್ಚು ಊನವಾಗಿವೆ, ಅವುಗಳಲ್ಲಿ ಬಹುಪಾಲಿಗೆ ತಲೆಯಿಲ್ಲ. 43 ಮೂರ್ತಿಗಳೇ ಕಾಣೆಯಾಗಿವೆ. 1767ರಲ್ಲಿ ಬರ್ಮಾದ ಸೇನೆ ಹಾಳುಗೆಡವಿದ ಥಾಯ್ಲೆಂಡಿನ ಅಯುತ್ತಾಯದಲ್ಲಿ ಇವತ್ತಿಗೂ ತಲೆಯಿಲ್ಲದ ಬುದ್ಧರ ಸಾಲುಗಳಿವೆ. ಇಡೀ ಕಲ್ಲುಮೂರ್ತಿಯನ್ನು ಹಡಗಿಗೆ ಏರಿಸುವುದು ಕಷ್ಟ. ತಲೆಯನ್ನು ಚೀಲದಲ್ಲಿ ಒಯ್ಯಬಹುದು, ಮುಖ ಇರುವುದರಿಂದ ಬೆಲೆಯೂ ಬರುತ್ತದೆ. ಹೀಗೆ ಪಶ್ಚಿಮದ ಸಂಗ್ರಹಾಲಯಗಳನ್ನು ಸೇರಿದ ತಲೆಗಳು ಕಪ್ಪು ಪೀಠದ ಮೇಲೆ, ಒಂದೇ ದೀಪದ ಬೆಳಕಿನಲ್ಲಿ ನಿಂತವು. ಆ ನಿಲುವೇ ಅಂದವೆನಿಸಿ ಸ್ಪಾಗಳಿಗೂ ಹೋಟೆಲುಗಳ ಮೊಗಸಾಲೆಗೂ ಇಳಿಯಿತು, ಅಲ್ಲಿಂದ ನಮ್ಮ ಸೋಫಾದ ಪಕ್ಕಕ್ಕೆ.

ಇದರ ವಿಪರ್ಯಾಸವನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ದೇವರ ಫೋಟೋದ ಗಾಜು ಒಡೆದರೆ ತಳಮಳಗೊಂಡು ಅದನ್ನು ಅರಳಿಕಟ್ಟೆಗೆ ಬಿಟ್ಟುಬರುವ, ಭಿನ್ನವಾದ ವಿಗ್ರಹ ಮನೆಯಲ್ಲಿರಬಾರದೆಂದು ನೀರಿಗೆ ಬಿಡುವ ಮನೆಯವರೇ ಕತ್ತರಿಸಿದ ತಲೆಯೊಂದನ್ನು ಶಾಂತಿಯ ಚಿಹ್ನೆಯೆಂದು ಹಣ ಕೊಟ್ಟು ತರುತ್ತಾರೆ. ಅಂಗಡಿಯ ತಲೆ ಯಾವ ಮೂರ್ತಿಯಿಂದಲೂ ಕತ್ತರಿಸಿದ್ದಲ್ಲ, ಅಚ್ಚಿನಲ್ಲಿ ಹೊಯ್ದದ್ದು, ಹಾಗಾಗಿ ತಪ್ಪೇನು ಎಂದು ಕೇಳಬಹುದು. ತಪ್ಪು ಎನ್ನುವುದಕ್ಕಿಂತ ಬಡತನ ಎನ್ನುತ್ತೇನೆ. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ, ಕನಗನಹಳ್ಳಿಯ ಸ್ತೂಪದ ಫಲಕಗಳಲ್ಲಿ ಎರಡು ಸಾವಿರ ವರ್ಷಗಳ ಹಿಂದಿನ ಶಿಲ್ಪಿಗಳು ಬುದ್ಧನ ಬದುಕನ್ನು ಸುಣ್ಣದ ಕಲ್ಲಿನಲ್ಲಿ ಹೇಳಿದ್ದಾರೆ. ಹಲವೆಡೆ ಅವನ ದೇಹವನ್ನೇ ತೋರಿಸದೆ ಪಾದ, ಬರಿದಾದ ಪೀಠ, ಮರ ಇಷ್ಟರಲ್ಲೇ ಅವನಿದ್ದಾನೆಂದು ಸೂಚಿಸಿದ್ದಾರೆ. ಅಶೋಕನ ಹೆಸರು ಕೊರೆದ ಅವನ ಉಬ್ಬುಚಿತ್ರವೂ ಅಲ್ಲೇ ಸಿಕ್ಕಿದ್ದು. ಬುದ್ಧನನ್ನು ಪ್ರೀತಿಸುವ ಮನೆಗೆ ನಮ್ಮ ನೆಲದಲ್ಲೇ ಇಷ್ಟು ಸಂಪತ್ತಿರುವಾಗ, ಲೂಟಿಯ ಚರಿತ್ರೆಯ ತುಣುಕನ್ನು ಅಚ್ಚುಹೊಯ್ದು ತರುವುದು ಏತಕ್ಕೆ? (ದುಂಡು ಹೊಟ್ಟೆಯ ನಗುವ ಬುದ್ಧನ ಮಾತು ಬೇರೆ, ಅವನು ಗೌತಮನೇ ಅಲ್ಲ, 10ನೇ ಶತಮಾನದ ಚೀನಾದ ಸನ್ಯಾಸಿಯೊಬ್ಬನ ರೂಪ. ಅವನಿಗೆ ಸದ್ಯ ತಲೆಯ ಜೊತೆ ಹೊಟ್ಟೆಯೂ ಉಳಿದಿದೆ.)

ಭೂತದ ಮೊಗದ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ತುಳುನಾಡಿನಲ್ಲಿ ಕಂಚು, ಹಿತ್ತಾಳೆ, ಬೆಳ್ಳಿಯ ಮೊಗಗಳು ಗೋಡೆಗೆ ನೇತುಹಾಕಲು ಹುಟ್ಟಿದವಲ್ಲ. ಭಂಡಾರದ ಮನೆಯಲ್ಲಿ ಇದ್ದು, ನೇಮದ ದಿನ ಮೆರವಣಿಗೆಯಲ್ಲಿ ಹೊರಟು, ದೈವ ಕಟ್ಟಿದವರ ಮುಖಕ್ಕೇರಿ, ಊರಿನ ತಕರಾರುಗಳಿಗೆ ನ್ಯಾಯ ಹೇಳಿ ಮತ್ತೆ ಒಳಗೆ ಹೋಗುವಂಥವು. ಅಲ್ಲಿ ಮೊಗವೆಂದರೆ ವಸ್ತು ಮಾತ್ರವಲ್ಲ, ಒಂದು ಹಕ್ಕು, ಒಂದು ಸರದಿ, ಒಂದು ಕಟ್ಟುಪಾಡು. ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ತುಳುನಾಡಿನ ಬೃಹತ್ ಮರದ ಭೂತಗಳನ್ನು ನೋಡಿದವರು ಅವುಗಳ ಶಿಲ್ಪಗುಣವನ್ನು ಅಲ್ಲಗಳೆಯಲಾರರು. ಸಂಗ್ರಹಾಲಯ ಕನಿಷ್ಠಪಕ್ಷ ಅವು ಎಲ್ಲಿಯವು, ಏನೆಂದು ಫಲಕ ಹಾಕಿ ಹೇಳುತ್ತದೆ. ಹಜಾರದ ಗೋಡೆ ಅದನ್ನೂ ಹೇಳುವುದಿಲ್ಲ. ಹಾಗಾದರೆ ಯಕ್ಷಗಾನದ ಕಿರೀಟ ಹೊತ್ತ ಮುಖವನ್ನೂ ತೂಗುಹಾಕಬಾರದೇ ಎಂದು ಯಾರಾದರೂ ಕೇಳಿಯಾರು. ಧಾರಾಳವಾಗಿ ಹಾಕಬಹುದು. ಅದು ವೇಷ; ರಂಗಸ್ಥಳದಲ್ಲಿ ಎಲ್ಲರೂ ನೋಡಲೆಂದೇ ಬರುವಂಥದು. ನಂಬುವವರಿಗೆ ದೈವವಾದದ್ದನ್ನು ನಂಬದವರು ಅಲಂಕಾರಕ್ಕೆ ಬಳಸುವಾಗ ಒಂದು ತಡೆ ಇರಬೇಕು ಎಂದಷ್ಟೇ ನನ್ನ ಮಾತು. ಅದು ಕಾನೂನಿನ ತಡೆಯಲ್ಲ, ಅತಿಥಿಯೊಬ್ಬ ಒಳಮನೆಯ ಹೊಸ್ತಿಲಲ್ಲಿ ತಾನಾಗಿ ನಿಲ್ಲುವಂಥದು.

ಇಲ್ಲಿಗೆ ಒಂದು ದೊಡ್ಡ ಆಕ್ಷೇಪ ಎದುರಾಗುತ್ತದೆ. ನಮ್ಮ ಪರಂಪರೆಯಲ್ಲಿ ಶಿಲ್ಪವೆಂದರೆ ದೇವರ ಶಿಲ್ಪವೇ. ದೇವರನ್ನು ಬಿಟ್ಟು ಬರಿಯ ರೂಪವನ್ನು ನೋಡುವುದು ಯುರೋಪಿನಿಂದ ಕಲಿತ ಚಾಳಿ. ಗಣಪತಿ ಎಲ್ಲಿದ್ದರೂ ಗಣಪತಿ, ಟೀವಿಯ ಕೆಳಗಿದ್ದರೂ ಅವನಿಗೆ ಬೇಸರವಿಲ್ಲ. ಈ ಮಾತಿನ ಕೊನೆಯ ಭಾಗವನ್ನು ಒಪ್ಪಬಹುದು, ಮೊದಲ ಭಾಗಕ್ಕೆ ಬೇಲೂರೇ ಉತ್ತರ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನಿಗೆ ಗರ್ಭಗುಡಿಯಲ್ಲಿ ಪೂಜೆ ನಡೆಯುತ್ತದೆ. ಹೊರಗೆ ಸೂರಿನ ಕೆಳಗೆ ನಿಂತ ಮದನಿಕೆಯರಿಗೆ ಯಾರೂ ಆರತಿ ಎತ್ತುವುದಿಲ್ಲ. ಅವರಲ್ಲಿ ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಿದ್ದಾಳೆ, ಇನ್ನೊಬ್ಬಳ ಸೀರೆಯನ್ನು ಕೋತಿ ಎಳೆಯುತ್ತಿದೆ, ಮತ್ತೊಬ್ಬಳು ಬೇಟೆಗೆ ಹೊರಟಿದ್ದಾಳೆ, ಮಗದೊಬ್ಬಳು ಗಿಳಿಯೊಡನೆ ಮಾತಾಡುತ್ತಿದ್ದಾಳೆ. ಇವೆಲ್ಲ ನೋಡುವುದಕ್ಕೆಂದೇ ಮಾಡಿದವು. ಇವುಗಳ ಕೆಳಗೆ ಶಿಲ್ಪಿಗಳು ಹೆಸರು ಕೊರೆದಿದ್ದಾರೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. 13ನೇ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮನೂ ಹಾಗೆಯೇ ಹೆಸರು ಕೊರೆದಿದ್ದಾನೆ. ಭಾರತೀಯ ಶಿಲ್ಪಿ ಅನಾಮಿಕನಾಗಿ ಉಳಿಯಬಯಸಿದ ಎಂಬ ಮಾತನ್ನು ಕನ್ನಡ ನಾಡಿನ ಮಟ್ಟಿಗಾದರೂ ಕೈಬಿಡಬೇಕು. ಹೊಯ್ಸಳರ ಶಿಲ್ಪಿಗಳು ತಮ್ಮ ಊರು, ತಂದೆಯ ಹೆಸರು, ಬಿರುದು ಎಲ್ಲವನ್ನೂ ಬರೆದುಕೊಂಡವರು. ಆದ್ದರಿಂದ ಪೂಜೆಗಲ್ಲದ ಶಿಲ್ಪವೂ ಹೆಸರುಳ್ಳ ಶಿಲ್ಪಿಯೂ ಯುರೋಪಿನ ಆಮದಲ್ಲ. ದೇವಾಲಯದ ಅಂಗಳದಲ್ಲಿ ಒಂಬೈನೂರು ವರ್ಷಗಳ ಹಿಂದೆಯೇ ಇದ್ದದ್ದು ಇವತ್ತಿನ ಹಜಾರಕ್ಕೆ ಬರಲಿಲ್ಲ ಅಷ್ಟೆ.

ಬಂದದ್ದು ಮದನಿಕೆಯ ಫೈಬರ್ ನಕಲು. ನಕಲು ಎಂಬ ಕಾರಣಕ್ಕೇ ಅದನ್ನು ಹಳಿಯಬೇಕಿಲ್ಲ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯ 1873ರಲ್ಲಿ ತೆರೆದ ಅಂಗಣಗಳಲ್ಲಿ ಇರುವುದು ಬಹುಪಾಲು ಪ್ಲಾಸ್ಟರಿನ ಪಡಿಯಚ್ಚುಗಳೇ. ಅವು ತಾವು ಪಡಿಯಚ್ಚುಗಳೆಂದು ಹೇಳಿಕೊಂಡೇ ನಿಂತಿವೆ, ಅಳತೆಯಲ್ಲಿ ಮೂಲಕ್ಕೆ ನಿಷ್ಠವಾಗಿವೆ. ನಮ್ಮ ಮೆಟ್ಟಿಲಿನ ಮದನಿಕೆಯ ತೊಂದರೆ ಬೇರೆ. ಬೇಲೂರಿನಲ್ಲಿ ಆಕೆ ಕಣ್ಣಿನ ಮಟ್ಟದಲ್ಲಿಲ್ಲ. ಗೋಡೆಯಿಂದ ಓರೆಯಾಗಿ ಮುಂದಕ್ಕೆ ವಾಲಿ, ಕೆಳಗಿನಿಂದ ಕತ್ತೆತ್ತಿ ನೋಡುವವರಿಗಾಗಿ ನಿಂತಿದ್ದಾಳೆ. ಮೇಲೆ ಸೂರಿನ ನೆರಳು. ಬೆಳಕು ಬರುವುದು ಹೆಚ್ಚಾಗಿ ಕೆಳಗಿನ ಜಗತಿಯ ಕಲ್ಲುಹಾಸಿಗೆ ಬಡಿದು ಮೇಲೆದ್ದು. ಗಣಿಯಿಂದ ತೆಗೆದಾಗ ಮೆದುವಾಗಿರುವ ಬಳಪದ ಕಲ್ಲಿನಲ್ಲಿ ಶಿಲ್ಪಿ ಒಡವೆಯ ಹಿಂದೆ, ತಲೆಯ ಮೇಲಿನ ಎಲೆಹಂದರದ ಹಿಂದೆ ಉಳಿ ತೂರಿಸಿ ಟೊಳ್ಳು ಮಾಡಿದ್ದಾನೆ. ಆ ಟೊಳ್ಳಿನಲ್ಲಿ ಕತ್ತಲು ನಿಲ್ಲುವುದರಿಂದಲೇ ಮೈ ಬೆಳಗುತ್ತದೆ. ಅಚ್ಚಿನಿಂದ ಬಿಡಿಸಿಕೊಳ್ಳಲು ಇಂಥ ಆಳದ ಸಂದುಗಳು ಅಡ್ಡಿಯಾಗುತ್ತವೆಂದು ಅಗ್ಗದ ನಕಲಿನಲ್ಲಿ ಅವನ್ನು ತುಂಬಿಬಿಡುತ್ತಾರೆ, ಮೇಲೆ ಒಂದೇ ಸಮ ಕಪ್ಪು ಬಣ್ಣ ಹೊಡೆಯುತ್ತಾರೆ, ಮನೆಯವರು ನೆತ್ತಿಯ ಮೇಲೊಂದು ಎಲ್‌ಇಡಿ ಹಾಕುತ್ತಾರೆ. ದಾಸೋಜ ನೆರಳಿನಿಂದ ಕಟ್ಟಿದ್ದನ್ನು ಅಚ್ಚು, ಬಣ್ಣ, ದೀಪ ಮೂರೂ ಸೇರಿ ಚಪ್ಪಟೆ ಮಾಡುತ್ತವೆ. ಉಳಿಯುವುದು ‘ಬೇಲೂರು’ ಎಂಬ ಗುರುತು ಮಾತ್ರ.

ಎರಡನೆಯ ಆಕ್ಷೇಪ ದುಡ್ಡಿನದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೈಕೆಲಸದ ಕಲ್ಲುಮೂರ್ತಿ ದುಬಾರಿ, ಫೈಬರ್ ಬಂದದ್ದರಿಂದಲೇ ಸಾಮಾನ್ಯರ ಮನೆಗೂ ಶಿಲ್ಪ ಬಂತು ಎನ್ನುತ್ತಾರೆ. ಈ ವಾದದ ಒಳಗೆ ಹೇಳದೆ ಬಿಟ್ಟ ಒಂದು ನಂಬಿಕೆಯಿದೆ: ಮನೆಯ ಶಿಲ್ಪ ದೊಡ್ಡದಾಗಿರಬೇಕು. ಮೂರಡಿಯ ಮೂರ್ತಿಯೇ ಬೇಕೆಂದರೆ ಫೈಬರನ್ನು ಬಿಟ್ಟು ಗತಿಯಿಲ್ಲ ನಿಜ, ಬೆಲೆಯಷ್ಟೇ ಅಲ್ಲ, ಭಾರವೂ ಕಾರಣ. ಒಂದು ಘನ ಅಡಿ ಕಲ್ಲು ಸುಮಾರು 75ರಿಂದ 80 ಕಿಲೋ ತೂಗುತ್ತದೆ. ವಾಸದ ಮನೆಯ ನೆಲವನ್ನು ಭಾರತೀಯ ಮಾನಕದಂತೆ ಲೆಕ್ಕ ಹಾಕುವುದು ಚದರ ಮೀಟರಿಗೆ ಹೆಚ್ಚುಕಡಿಮೆ 200 ಕಿಲೋ ಚಲಭಾರಕ್ಕೆ. ಮೂರನೆಯ ಮಹಡಿಯ ಹಜಾರದ ನಡುವೆ ದೊಡ್ಡ ಕಲ್ಲುಮೂರ್ತಿ ನಿಲ್ಲಿಸುವ ಮುನ್ನ ಎಂಜಿನಿಯರನ್ನು ಕೇಳುವುದು ಒಳ್ಳೆಯದು. ಆದರೆ ದೊಡ್ಡದೇ ಏಕೆ ಬೇಕು? ಮೊಹೆಂಜೊದಾರೊದಲ್ಲಿ 1926ರಲ್ಲಿ ಸಿಕ್ಕ, ಸೊಂಟದ ಮೇಲೆ ಕೈಯಿಟ್ಟು ನಿಂತ ಕಂಚಿನ ಹುಡುಗಿಯ ಎತ್ತರ 10.5 ಸೆಂಟಿಮೀಟರ್. ಪುಸ್ತಕದ ಚಿತ್ರದಲ್ಲಿ ನೋಡಿದವರಿಗೆ ಅವಳು ಆಳೆತ್ತರದವಳೆಂದೇ ಅನಿಸುತ್ತದೆ, ಆ ನಿಲುವಿನ ಬಿಗುಮಾನಕ್ಕೆ ಅಳತೆಯ ಹಂಗಿಲ್ಲ. ಮತ್ಸ್ಯಪುರಾಣ ಪೂಜೆಗೆ ಹೇಳಿದ ಗೇಣಿನ ಮಿತಿಯನ್ನು ನೋಡುವ ಶಿಲ್ಪಕ್ಕೂ ಒಪ್ಪಿಕೊಂಡರೆ ಬೆಲೆಯ ತೊಡಕು ಅರ್ಧಕ್ಕರ್ಧ ಬಗೆಹರಿಯುತ್ತದೆ. ಚನ್ನಪಟ್ಟಣದ ಹಾಲೆಮರದ ಅರಗು ಹಚ್ಚಿದ ಬೊಂಬೆ, ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರಕ್ಕೆ ಹುಣಸೆಬೀಜದ ಅಂಟಿನ ಕಿಟ್ಟ ಮೆತ್ತಿ ಬಣ್ಣ ಬರೆದ ಗೊಂಬೆ, ಕುಂಬಾರನ ಸುಟ್ಟಮಣ್ಣಿನ ಕುದುರೆ, ಇವು ಬಡವರ ಶಿಲ್ಪಗಳೆಂದು ಕಡೆಗಣಿಸಬೇಕಾದವಲ್ಲ. ಆಕಾರದ ಲೆಕ್ಕದಲ್ಲಿ ಕಿನ್ನಾಳದ ಒಳ್ಳೆಯ ಗೊಂಬೆಯೊಂದು ಮೂರಡಿಯ ಫೈಬರ್ ಗಣಪತಿಗಿಂತ ಎಷ್ಟೋ ಮೇಲು. ಮೂರ್ತಿಯೇ ಬೇಡ ಎನ್ನುವ ಮನೆಗಳಿಗೂ ದಾರಿಯಿದೆ; ಬೀದರ್ ಕೋಟೆಯ ಮಣ್ಣಿನಿಂದ ಕಪ್ಪೇರಿಸಿದ ಸತುವಿನ ಮೇಲೆ ಬೆಳ್ಳಿ ಕೂರಿಸಿದ ಬಿದರಿಯ ಹೂಜಿಯೂ ಮೂರು ಆಯಾಮದ ರೂಪವೇ.

ಶಿಲ್ಪಿಯ ಕಡೆಯಿಂದ ನೋಡಿದರೆ ಈ ಗೇಣಿನ ಶಿಲ್ಪಕ್ಕೆ ಇನ್ನೂ ಹೆಚ್ಚಿನ ಮಹತ್ವವಿದೆ. ಅಯೋಧ್ಯೆಯಲ್ಲಿ 2024ರ ಜನವರಿ 22ರಂದು ಪ್ರತಿಷ್ಠೆಗೊಂಡ 51 ಅಂಗುಲದ ಬಾಲರಾಮನನ್ನು ಮೈಸೂರಿನ ಅರುಣ್ ಯೋಗಿರಾಜ್ ಕಡೆದ ಮೇಲೆ ಕನ್ನಡದ ಶಿಲ್ಪಿಗಳ ಹೆಸರು ದೇಶದ ಬಾಯಲ್ಲಿದೆ. ಕೇದಾರನಾಥದ ಶಂಕರಾಚಾರ್ಯರ ಮೂರ್ತಿ, ಇಂಡಿಯಾ ಗೇಟ್ ಬಳಿಯ ಸುಭಾಷರ ಮೂರ್ತಿ ಕೂಡ ಅವರದೇ. ಸಂತೋಷದ ಸಂಗತಿ. ಆದರೆ ಇಂಥ ಕೆಲಸ ಎಷ್ಟು ಜನಕ್ಕೆ ಸಿಕ್ಕೀತು? ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಂಥ ಊರಿನಲ್ಲಿ ಮನೆಮನೆಯಲ್ಲೂ ಉಳಿಯ ಸದ್ದಿದೆ. ಕೇಳಿಬರುವ ಬೇಡಿಕೆ ಮಾತ್ರ ಗುಡಿಯ ಮೂರ್ತಿ, ಗೋಪುರ, ಸರ್ಕಲ್ಲಿನ ಪ್ರತಿಮೆ. ಮಂತ್ರಿ ಬದಲಾದರೆ, ಕಮಿಟಿ ಜಗಳಾಡಿದರೆ ಕೆಲಸ ನಿಲ್ಲುತ್ತದೆ. ದೊಡ್ಡ ಗ್ರಾನೈಟಿಗೆ ಯಂತ್ರದ ಗರಗಸ ಹಾಕುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಇಳಿದರೆ ಬರುವ ಸಿಲಿಕೋಸಿಸ್‌ಗೆ ಮದ್ದಿಲ್ಲ. ಅಳತೆಯ, ಧ್ಯಾನಶ್ಲೋಕದ ಕಟ್ಟುಪಾಡಿಲ್ಲದೆ ತನಗೆ ಕಂಡದ್ದನ್ನು ಕಡೆಯುವ ಅವಕಾಶವಂತೂ ಗುಡಿಯ ಕೆಲಸದಲ್ಲಿ ಕಡಿಮೆ. ಟಿ. ನರಸೀಪುರದಲ್ಲಿ ಹುಟ್ಟಿ, ಡಿ. ವಾದಿರಾಜರಲ್ಲಿ ಕಲಿತು, ಜಕಣಾಚಾರಿ ಪ್ರಶಸ್ತಿ ಪಡೆದ ಕನಕಾ ಮೂರ್ತಿಯವರು ದೇವತಾಮೂರ್ತಿಗಳ ಜೊತೆಗೆ ಸಂಗೀತಗಾರರ ಮುಖಗಳನ್ನೂ ಕುವೆಂಪು ಅವರ ಎದೆಮಟ್ಟದ ಪ್ರತಿಮೆಯನ್ನೂ ಮಾಡಿದರು. ಸಾಂಪ್ರದಾಯಿಕ ಉಳಿಗೆ ಹಾಡುವವರ ಮುಖವೂ ದಕ್ಕುತ್ತದೆ ಎಂಬುದಕ್ಕೆ ಅವರ ಕೆಲಸವೇ ಆಧಾರ. ಅತ್ತ ಬಂಗಾಳದ ಮೀರಾ ಮುಖರ್ಜಿ ಬಸ್ತಾರಿನ ಎರಕದವರ ಬಳಿ ಕೂತು ಕಲಿತು, ಅದೇ ಮೇಣದ ವಿಧಾನದಲ್ಲಿ ದುಡಿಯುವ ಜನರನ್ನು ಕಂಚಿನಲ್ಲಿ ನಿಲ್ಲಿಸಿದರು. ಆ ಮೇಣದ ವಿಧಾನವನ್ನು 12ನೇ ಶತಮಾನದಲ್ಲೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಬಿಡಿಸಿ ಹೇಳಿದೆ. ಮೇಣ ಕರಗಿ, ಮಣ್ಣಿನ ಅಚ್ಚು ಒಡೆದು ಮೂರ್ತಿ ಹೊರಬರುವುದರಿಂದ ಎರಡನೆಯದು ಅದರಂತೆಯೇ ಬರುವುದು ಸಾಧ್ಯವಿಲ್ಲ. ಇಂಥ ವಿದ್ಯೆ ಉಳ್ಳವರಿಗೆ ಊರಿನ ಎತ್ತು, ಮಲಗಿದ ನಾಯಿ, ಹಾಡುವ ಮುದುಕಿಯನ್ನು ಮಾಡಿಕೊಡಿ ಎಂದು ಕೇಳುವ ಮನೆಗಳೇ ಇಲ್ಲವಾದರೆ, ಗುಡಿಯ ಕೆಲಸವಿಲ್ಲದ ತಿಂಗಳುಗಳಲ್ಲಿ ಅವರು ಫೈಬರ್ ಅಚ್ಚಿಗೆ ಮಾದರಿ ಮಾಡಿಕೊಡುವವರಾಗುತ್ತಾರೆ.

ವಾಸ್ತುವಿನ ಆಕ್ಷೇಪ ನನ್ನ ವಾದಕ್ಕೆ ಎದುರೆಂದು ನನಗೆ ಅನಿಸುವುದಿಲ್ಲ. ನಟರಾಜ ಮನೆಯಲ್ಲಿದ್ದರೆ ಕಲಹ, ಬಲಮುರಿ ಗಣಪತಿಗೆ ಮಡಿ ಹೆಚ್ಚು, ಈಶಾನ್ಯದಲ್ಲಿ ಭಾರ ಇರಬಾರದು ಎಂಬ ಮಾತುಗಳನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಅಲಂಕಾರಕ್ಕೆಂದು ತಂದ ನಟರಾಜನ ಬಗ್ಗೆ ಇಂಥ ಅಳುಕು ಹುಟ್ಟುವುದೇ, ಅವನು ಅಲಂಕಾರದ ವಸ್ತುವಲ್ಲ ಎಂದು ಮನೆಯವರ ಒಳಮನಸ್ಸಿಗೆ ತಿಳಿದಿರುವುದಕ್ಕೆ ಸಾಕ್ಷಿ. ಮಲಗಿದ ನಾಯಿಯ ಶಿಲ್ಪಕ್ಕೆ ಮಡಿಯೂ ಇಲ್ಲ, ದಿಕ್ಕಿನ ದೋಷವೂ ಇಲ್ಲ. ಅದನ್ನು ಎಲ್ಲಿಡಬೇಕೆಂದು ಹೇಳುವುದು ಬೆಳಕು. ಕಿಟಕಿಯಿಂದ ಓರೆಯಾಗಿ ಬೆಳಕು ಬೀಳುವ ಜಾಗ, ಹಿಂದೆ ಬರಿಗೋಡೆ, ಸುತ್ತ ಒಂದು ಹೆಜ್ಜೆ ತೆರವು ಇದ್ದರೆ ಸಾಕು. ಬೆಳಗ್ಗೆ ಕಂಡ ಶಿಲ್ಪ ಸಂಜೆಗೆ ಬೇರೆಯಾಗಿ ಕಾಣುತ್ತದೆ. ಹತ್ತು ಇರುವ ಕಡೆ ಒಂದನ್ನೂ ನೋಡಲಾಗುವುದಿಲ್ಲ, ಹಾಗಾಗಿ ಒಂದನ್ನು ಹೊರಗಿಟ್ಟು ಉಳಿದವನ್ನು ದಸರಾ ಬೊಂಬೆಗಳಂತೆ ಪೆಟ್ಟಿಗೆಯಲ್ಲಿಟ್ಟು ಸರದಿಯ ಮೇಲೆ ತೆಗೆಯುವುದು ಹಳೆಯ ಜಾಣತನ. ಗಾಜಿನ ಬಾಗಿಲು ಬೇಡ. ಮಕ್ಕಳು ಮುಟ್ಟಲಿ, ಕಲ್ಲು, ಕಂಚು, ಮರ ಮುಟ್ಟಿದರೆ ಸವೆಯುವುದಕ್ಕೆ ತಲೆಮಾರುಗಳೇ ಬೇಕು.

ಕೊನೆಯದಾಗಿ ಹಳೆಯದರ ಮೋಹ. ಹಣವುಳ್ಳ ಕೆಲವರು ಹೊಸ ಶಿಲ್ಪಕ್ಕೆ ಬೆಲೆಯಿಲ್ಲ, ಮನೆಗೆ ತರುವುದಾದರೆ ಪುರಾತನವಾದದ್ದನ್ನೇ ತರಬೇಕು ಎನ್ನುತ್ತಾರೆ. ಹೊಲದ ಬದುವಿನ ವೀರಗಲ್ಲು, ಹಾಳುಗುಡಿಯ ದ್ವಾರಪಾಲಕ ತೋಟದ ಮನೆಯ ಹುಲ್ಲುಹಾಸಿಗೆ ಬಂದು ನಿಲ್ಲುವುದು ಈ ಮೋಹದಿಂದ. ಆತಕೂರಿನ 10ನೇ ಶತಮಾನದ ಕಲ್ಲು ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತದ್ದನ್ನು ನೆನೆಯುತ್ತದೆ. ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರುವುದರಿಂದ ಎಲ್ಲರ ಓದಿಗೆ ಸಿಗುತ್ತದೆ, ಯಾರದೋ ತೋಟದಲ್ಲಿದ್ದರೆ ಹೂಕುಂಡದ ಹಿನ್ನೆಲೆಯಾಗುತ್ತಿತ್ತು. ಕಾನೂನೂ ಸ್ಪಷ್ಟವಾಗಿದೆ. 1972ರ ಪುರಾತನ ವಸ್ತುಗಳ ಕಾಯ್ದೆ, 1976ರಿಂದ ಜಾರಿಯಲ್ಲಿದ್ದು, ನೂರು ವರ್ಷ ಮೀರಿದ ಶಿಲ್ಪವನ್ನು ಪುರಾತನ ವಸ್ತುವೆಂದು ಪರಿಗಣಿಸುತ್ತದೆ; ಇಟ್ಟುಕೊಂಡವರು ನೋಂದಾಯಿಸಬೇಕು, ಮಾರುವವರಿಗೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ತಮಿಳುನಾಡಿನ ಶ್ರೀಪುರಂದಾನ್ ಗುಡಿಯಿಂದ ಕದ್ದ ನಟರಾಜನಿಗೆ ಸುಳ್ಳು ದಾಖಲೆ ಹುಟ್ಟಿಸಲಾಗಿತ್ತು. ಅದನ್ನು ನಂಬಿ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಸುಮಾರು 50 ಲಕ್ಷ ಡಾಲರ್ ಕೊಟ್ಟು ಕೊಂಡು, 2014ರಲ್ಲಿ ಹಿಂದಿರುಗಿಸಬೇಕಾಯಿತು. ದೊಡ್ಡ ಸಂಸ್ಥೆಯೇ ಮೋಸಹೋದ ಮಾರುಕಟ್ಟೆಯಲ್ಲಿ ಒಂಟಿ ಕೊಳ್ಳುವವರಿಗೆ ರಕ್ಷಣೆ ಎಲ್ಲಿದೆ?

ಹೊಸ ಶಿಲ್ಪ ಕೊಳ್ಳುವವರಿಗೆ ಆ ರಕ್ಷಣೆ ಸುಲಭವಾಗಿ ಸಿಗುತ್ತದೆ, ಕೇಳುವ ರೂಢಿ ಇದ್ದರೆ. ಶಿಲ್ಪಿಯ ಹೆಸರು, ಊರು, ಕಲ್ಲು ಅಥವಾ ಲೋಹ ಯಾವುದು, ಮಾಡಿದ ವರ್ಷ ಇಷ್ಟನ್ನು ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಬಹುದು. ಪೀಠದ ಅಡಿಯಲ್ಲಿ ಹೆಸರು ಕೊರೆಯಿರೆಂದು ಕೇಳಿದರೆ ಇನ್ನೂ ಒಳ್ಳೆಯದು. ಅಮೆರಿಕಕ್ಕೋ ದುಬೈಗೋ ಮನೆ ಬದಲಿಸುವ ಕನ್ನಡಿಗರಿಗೆ ಇದರಿಂದ ನೇರ ಉಪಯೋಗವೂ ಇದೆ. ನೋಡಲು ಹಳೆಯದೆನಿಸುವ ಮೂರ್ತಿಯನ್ನು ಹೊರಗೆ ಒಯ್ಯುವಾಗ ಅದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯಬೇಕಾಗುತ್ತದೆ. ಮಾಡಿದವರ ಸಹಿಯುಳ್ಳ ಹಾಳೆ ಕೈಯಲ್ಲಿದ್ದರೆ ಆ ಕೆಲಸ ಹಗುರ. ಇವತ್ತು ಅಂಗಡಿಗಳು ಕೊಡುವ ಬಿಲ್ಲಿನಲ್ಲಿ ‘ಸ್ಟ್ಯಾಚ್ಯು, ಒಂದು’ ಎಂದಷ್ಟೇ ಇರುತ್ತದೆ.